ಕೊಡೆ ಕಡ್ಡಿ, ಉಪ್ಪಿನಕಾಯಿ ಮುಚ್ಚಳ, ಒಂದು ವೈಪಿ ಇಂಜಿನ್

ನಮಸ್ಕಾರ. ಇವತ್ತು ಮನೇಲಿದ್ದ ಹಳೇ ಸಾಮಾನಿಂದ ಒಂದು ಪುಟ್ಟ ಉಗಿ ಇಂಜಿನ್ ಮಾದರಿ ಮಾಡಿದ ಕಥೆ. ಈ ವಿಡಿಯೋ ಶುರುವಾಗೋದು ಒಂದು ಮುರಿದ ಕೊಡೆಯಿಂದ.

ಇದು ನಮ್ಮ ಮಾವನೋರ ಕೊಡೆ. ಹೋದ ಮಳೆಗಾಲದಲ್ಲಿ ಗಾಳಿಗೆ ಉಲ್ಟಾ ಹೊಡ್ಕೊಂಡು ಅದರ ಕಥೆ ಮುಗೀತು. ಗುಜರಿಯವನಿಗೆ ಹಾಕೋಣ ಅಂತ ಹಿತ್ತಲ ಬಾಗಿಲ ಹತ್ರ ಇಟ್ಟಿದ್ದೆ. ಎತ್ತಿಡೋಕೆ ಹೋದಾಗ ಒಂದು ಕಡ್ಡಿ ಕಳಚಿ ಕೈಗೆ ಬಂತು. ಸ್ವಲ್ಪ ಹತ್ತಿರದಿಂದ ತೋರಿಸ್ತೀನಿ, ನೋಡಿ. ಕೊಡೆ ಕಡ್ಡಿ ದುಂಡಗಿಲ್ಲ, ಉದ್ದಕ್ಕೂ ಒಂದು ಸಣ್ಣ ತೋಡು ಇದೆ. ತೂಕ ಕಮ್ಮಿಯಾಗಬೇಕು, ಆದ್ರೆ ಬಗ್ಗಬಾರದು, ಅದಕ್ಕೆ ಈ ತೋಡು. ಇದನ್ನ ಎಲ್ಲೋ ನೋಡಿದೀನಲ್ಲ ಅನ್ನಿಸ್ತು. ಆಮೇಲೆ ಹೊಳೀತು. ಉಗಿ ಇಂಜಿನ್ನಿನ ದೊಡ್ಡ ಚಕ್ರಗಳನ್ನ ಒಂದಕ್ಕೊಂದು ಜೋಡಿಸೋ ರಾಡ್ ಇರುತ್ತಲ್ಲ, ಅದರಲ್ಲೂ ಇದೇ ತೋಡು.

ನಾವಿರೋದು ಮೈಸೂರಲ್ಲಿ. ಇಲ್ಲಿ ಕೆಆರ್‌ಎಸ್ ರಸ್ತೇಲಿ, ಸಿಎಫ್‌ಟಿಆರ್‌ಐ ಎದುರಿಗೆ ರೈಲು ಮ್ಯೂಸಿಯಂ ಇದೆ. 1979ರಲ್ಲಿ ಶುರುವಾಗಿದ್ದು, ಡೆಲ್ಲಿಯ ಮ್ಯೂಸಿಯಂ ಆಗಿ ಎರಡು ವರ್ಷಕ್ಕೆ. ಮಕ್ಕಳನ್ನ ಕರ್ಕೊಂಡು ಹೋದೋರೆಲ್ಲ ಇಂಜಿನ್ ಮುಂದೆ ನಿಂತು ಫೋಟೋ ತೆಗೆಸ್ಕೊಂಡು ಬರ್ತಾರೆ. ನಾನೂ ಹಾಗೇ ಬರ್ತಿದ್ದೆ. ಕೊಡೆ ಕಡ್ಡಿ ಸಿಕ್ಕಿದ ವಾರ ಮಾತ್ರ ಮಗನ ಜೊತೆ ಹೋಗಿ, ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಅರ್ಧ ಗಂಟೆ ರಾಡ್‌ಗಳನ್ನೇ ನೋಡಿದೆ. ಮಗ ನಾಚ್ಕೊಂಡು ದೂರ ಹೋಗಿ ನಿಂತಿದ್ದ.

ಮಾಡೋದು ಯಾವ ಇಂಜಿನ್ ಅನ್ನೋದರಲ್ಲಿ ನನಗೆ ಆಯ್ಕೆನೇ ಇರಲಿಲ್ಲ. ನಮ್ಮ ಮಾವನೋರು ಮೀಟರ್‌ಗೇಜ್ ಕಾಲದಲ್ಲಿ, ಅಂದ್ರೆ ಹಳಿಗಳ ನಡುವೆ ಒಂದೇ ಮೀಟರ್ ಅಗಲ ಇದ್ದಾಗ, ಫೈರ್‌ಮನ್ ಆಗಿದ್ದೋರು, ಇಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕೋ ಕೆಲಸ. ಅವರ ಮನೇಲಿ ಇಂಜಿನ್ ಅಂದ್ರೆ ವೈಪಿ, ಮೀಟರ್‌ಗೇಜ್‌ನ ಪ್ಯಾಸೆಂಜರ್ ರೈಲು ಎಳೀತಿದ್ದ ಉಗಿ ಇಂಜಿನ್. ಅಗಲ ಹಳಿಯ, ಅಂದ್ರೆ ಬ್ರಾಡ್‌ಗೇಜ್‌ನ ಡಬ್ಲ್ಯೂಪಿ ಇಂಜಿನ್ನಿಗೆ ಉಬ್ಬಿದ ಮೂಗು, ಅದರ ಮೇಲೆ ಸಿಂಗಾರ. ವೈಪಿಗೆ ಅದೆಲ್ಲ ಇಲ್ಲ, ಮುಖ ಚಪ್ಪಟೆ. 1949ರಿಂದ 1970ರವರೆಗೆ 871 ವೈಪಿ ತಯಾರಾದವು. ಮೊದಮೊದಲು ಹೊರದೇಶದಿಂದ ಬಂದ್ವು, ಆಮೇಲೆ ಜಮ್ಶೆಡ್‌ಪುರದಲ್ಲಿ ಟಾಟಾದವರೇ ಮಾಡಿದ್ರು.

ಟೇಬಲ್ ಮೇಲೆ ಕಡ್ಡಿ ಹರಡಿಕೊಂಡಿದ್ದಾಗ ಮಾವನೋರು ಬಂದು ನಿಂತ್ರು.

“ಏನಮ್ಮಾ ಇದು, ಕೊಡೆ ರಿಪೇರಿನಾ?”

“ಇಲ್ಲ ಮಾವ, ವೈಪಿ.”

ಅವರಿಗೆ ಕಿವಿ ಸ್ವಲ್ಪ ಮಂದ. ಇಂಜಿನ್ ಮೇಲೆ ಅಷ್ಟು ವರ್ಷ ನಿಂತೋರಿಗೆ ಅದು ಬಿಟ್ಟಿ ಬಳುವಳಿ. ಎರಡು ಸಲ ಕೂಗಿ ಹೇಳಿದೆ. “ಎಷ್ಟು ಗಾಲಿ ಹಾಕ್ತೀಯ?” ಅಂದ್ರು. ಪರೀಕ್ಷೆ ಅಂತ ಗೊತ್ತಾಯ್ತು. “ಮುಂದೆ ಸಣ್ಣವು ನಾಲ್ಕು, ಮಧ್ಯ ದೊಡ್ಡವು ಆರು, ಹಿಂದೆ ಎರಡು.” ತಲೆ ಆಡಿಸಿ ಪೇಪರ್ ಓದೋಕೆ ಹೋದ್ರು. ಪಾಸು.

ಈಗ ಲೆಕ್ಕ. ವೈಪಿಯ ದೊಡ್ಡ ಚಕ್ರದ ಅಡ್ಡಳತೆ 1,372 ಮಿಲಿಮೀಟರ್, ಅಂದ್ರೆ ನಾಲ್ಕೂವರೆ ಅಡಿ. ಇಪ್ಪತ್ತರಲ್ಲಿ ಒಂದು ಪಾಲು ಮಾಡಿದ್ರೆ 68 ಚಿಲ್ಲರೆ. ಅಷ್ಟಗಲದ ದುಂಡನೆ ವಸ್ತು ಮನೇಲಿ ಏನಿದೆ ಅಂತ ಸ್ಕೇಲ್ ಹಿಡ್ಕೊಂಡು ಅಡುಗೆಮನೆ ಪೂರ್ತಿ ಸುತ್ತಿದೆ. ಉಪ್ಪಿನಕಾಯಿ ಬಾಟಲಿ ಮುಚ್ಚಳ, 70. ಒಂದೂವರೆ ಮಿಲಿಮೀಟರ್ ಜಾಸ್ತಿ, ಇರಲಿ. ಆದ್ರೆ ಆರು ಮುಚ್ಚಳ ಬೇಕು. ಆರು ಬಾಟಲಿ ಉಪ್ಪಿನಕಾಯಿ ತಿನ್ನೋಕೆ ಆಗುತ್ತಾ? ಪಕ್ಕದ ಮನೆ ಆಂಟಿ ಮೂರು ಕೊಟ್ರು. ಒಂದರಲ್ಲಿ ಇನ್ನೂ ಮಾವಿನಕಾಯಿ ವಾಸನೆ ಹೋಗಿಲ್ಲ, ಬಣ್ಣ ಹೊಡೆದ ಮೇಲೂ.

ಚಕ್ರದ ಕಡ್ಡಿಗಳಿಗೆ ಊದುಬತ್ತಿ ಕಡ್ಡಿ. ಉರಿದು ಉಳಿಯೋ ತುದಿ ಇರುತ್ತಲ್ಲ, ಗುಲಾಬಿ ಬಣ್ಣದ್ದು, ಅದೇ. ದೇವರ ಗೂಡಿನ ಸ್ಟ್ಯಾಂಡ್‌ನಿಂದ ದಿನಾ ಎರಡು ಮೂರು ಕಿತ್ತಿಟ್ಕೊಂಡೆ. ಮೈಸೂರಲ್ಲಿ ಈ ಕಚ್ಚಾವಸ್ತುಗೆ ಬರ ಇಲ್ಲ.

ಬಾಯ್ಲರ್ ಮೂರಿಂಚು ಪಿವಿಸಿ ಪೈಪು. ಬಾತ್‌ರೂಮ್ ರಿಪೇರಿಯಲ್ಲಿ ಉಳಿದಿದ್ದು. ಚಿಮಣಿ, ಟೂತ್‌ಪೇಸ್ಟ್ ಮುಚ್ಚಳ. ಮೇಲಿನ ಗುಮ್ಮಟ, ಕುಂಕುಮದ ಡಬ್ಬಿಯ ಮುಚ್ಚಳ. ಚಾಲಕರ ಕ್ಯಾಬಿನ್ ಪೂರ್ತಿ ಲಗ್ನಪತ್ರಿಕೆ, ಎರಡು ಪದರ ಅಂಟಿಸಿದ್ರೆ ಹಲಗೆ ಥರ ಗಟ್ಟಿ. ಚಾಸಿಗೆ, ಅಂದ್ರೆ ಅಡಿಯ ಚೌಕಟ್ಟಿಗೆ, ಮಗನ ಹಳೇ ಎಕ್ಸಾಮ್ ಪ್ಯಾಡ್ ಕೊಯ್ದೆ. ಅಚ್ಚು ಅಂದ್ರೆ ಆಕ್ಸಲ್, ಅದಕ್ಕೆ ನಮ್ಮತ್ತೆಯ ಸ್ವೆಟರ್ ಹೆಣೆಯೋ ಸ್ಟೀಲ್ ಕಡ್ಡಿ. ಕೇಳಿ ತಗೊಂಡಿದ್ದು, ದಯವಿಟ್ಟು ಯಾರೂ ಕೇಳದೇ ತಗೋಬೇಡಿ. ಮೋಟಾರು, ಕೆಟ್ಟುಹೋದ ರಿಮೋಟ್ ಕಾರಿಂದು, ಗಿಯರ್ ಸಮೇತ. ಇದಿಷ್ಟು ಎರಡು ಭಾನುವಾರದ ಕೆಲಸ. ಇದರಲ್ಲಿ ಹೇಳೋಂಥದ್ದೇನೂ ಇಲ್ಲ, ಕತ್ತರಿಸಿ ಅಂಟಿಸೋದು.

ಹೇಳೋಂಥದ್ದು ಚಕ್ರದಲ್ಲಿದೆ.

ಮೊದಲ ತಪ್ಪು. ಮುಚ್ಚಳದ ಮಧ್ಯ ಯಾವುದು ಅಂತ ಕಣ್ಣಂದಾಜಲ್ಲಿ ಗುರುತು ಹಾಕಿ ತೂತು ಹೊಡೆದೆ. ತಿರುಗಿಸಿದ್ರೆ ಚಕ್ರ ಕುಂಟ್ತಾ ಇದೆ. ಆಮೇಲೆ ಮುಚ್ಚಳವನ್ನ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು, ಕತ್ತರಿಸಿ, ಆ ದುಂಡನೆ ಕಾಗದವನ್ನ ಎರಡು ಸಲ ಮಡಚಿ ಬಿಚ್ಚಿದೆ. ಮಡಿಕೆಗಳು ಕೂಡೋ ಜಾಗವೇ ನಡುಮಧ್ಯ. ಕಾಗದವನ್ನ ಮತ್ತೆ ಮುಚ್ಚಳದ ಮೇಲಿಟ್ಟು ಮೊಳೆಯಿಂದ ಒಂದು ಚುಕ್ಕೆ. ಐದು ನಿಮಿಷದ ಕೆಲಸ. ಎರಡು ಮುಚ್ಚಳ ಹಾಳು ಮಾಡ್ಕೊಂಡ ಮೇಲೆ ಹೊಳೆದದ್ದು.

ಎರಡನೇ ತಪ್ಪು ಹದಿನೈದು ದಿನ ತಿಂತು.

ಇಂಜಿನ್ನಿಗೆ ಎರಡು ಸಿಲಿಂಡರ್, ಎಡಕ್ಕೊಂದು ಬಲಕ್ಕೊಂದು. ಸಿಲಿಂಡರ್ ಒಳಗೆ ಪಿಸ್ಟನ್ ಮುಂದಕ್ಕೂ ಹಿಂದಕ್ಕೂ ಹೋಗುತ್ತೆ, ವೈಪಿಯಲ್ಲಿ 610 ಮಿಲಿಮೀಟರ್ ದೂರ. ಆ ಓಡಾಟವನ್ನ ರಾಡ್ ತಗೊಂಡು ಚಕ್ರ ತಿರುಗಿಸುತ್ತೆ. ಹಾಗಾಗಿ ರಾಡ್ ಕೂರೋ ಪಿನ್ನು ಚಕ್ರದ ಮಧ್ಯದಿಂದ 305 ದೂರದಲ್ಲಿರುತ್ತೆ, ನನ್ನ ಮುಚ್ಚಳದಲ್ಲಿ 15. ಇದು ಸುಲಭ. ಎಡಗಡೆ ಪಿನ್ನು ಮೇಲಿದ್ದಾಗ ಬಲಗಡೆದು ಎಲ್ಲಿರಬೇಕು? ನಾನು ಸೈಕಲ್ ಪೆಡಲ್ ಥರ ಎದುರುಬದುರು ಇಟ್ಟೆ. ಒಂದು ಮೇಲೆ, ಒಂದು ಕೆಳಗೆ.

ಮಾವನೋರು ಕನ್ನಡಕ ಏರಿಸಿ ನೋಡಿದ್ರು. “ಸೈಕಲ್ಲು ಉಬ್ಬಲ್ಲಿ ನಿಂತೋದ್ರೆ, ಪೆಡಲ್ ಒಂದು ನೆಟ್ಟಗೆ ಮೇಲೆ, ಒಂದು ನೆಟ್ಟಗೆ ಕೆಳಗೆ ಇದ್ರೆ ತುಳಿಯಕ್ಕಾಗುತ್ತೇನಮ್ಮ? ಕಾಲಲ್ಲಿ ನೆಲ ಒದೀಬೇಕು. ಇಂಜಿನ್ನಿಗೆ ಯಾರು ಒದೀತಾರೆ?”

ಪಿಸ್ಟನ್ ತುದಿ ಮುಟ್ಟಿದಾಗ ರಾಡ್, ಪಿನ್ನು, ಚಕ್ರದ ಮಧ್ಯ ಮೂರೂ ಒಂದೇ ಗೆರೇಲಿ ಬರ್ತವೆ. ಎಷ್ಟೇ ಜೋರಾಗಿ ತಳ್ಳಿದ್ರೂ ಚಕ್ರ ತಿರುಗಲ್ಲ. ಎರಡೂ ಕಡೆ ಒಟ್ಟಿಗೆ ಹಾಗೆ ಸಿಕ್ಕಿಹಾಕ್ಕೊಂಡ್ರೆ ರೈಲು ಅಲ್ಲಾಡಲ್ಲ. ಅದಕ್ಕೇ ಒಂದು ಕಡೆದನ್ನ ಕಾಲು ಸುತ್ತು ತಿರುಗಿಸಿ ಕೂರಿಸ್ತಾರೆ, 90 ಡಿಗ್ರಿ. ಒಂದು ಕಡೆ ಸಿಕ್ಕಿಕೊಂಡಾಗ ಇನ್ನೊಂದು ಕಡೆ ಪೂರ್ತಿ ಬಲದಲ್ಲಿ ತಳ್ತಿರುತ್ತೆ.

ಸರಿ, ಕಿತ್ತೆ. ಮತ್ತೆ ಅಂಟಿಸಿದೆ. ಮೂರು ಅಚ್ಚಿಗೂ 90 ಡಿಗ್ರಿ, ಕಣ್ಣಳತೆ. ಕೊಡೆ ಕಡ್ಡಿ ತೊಡಿಸಿ ಕೈಯಲ್ಲಿ ತಿರುಗಿಸಿದ್ರೆ, ಕಾಲು ಸುತ್ತು ಹೋಗಿ ಕಚ್ಕೊಂಡು ನಿಲ್ತು. ಹಿಂದಕ್ಕೂ ಬರಲ್ಲ. ಎಣ್ಣೆ ಬಿಟ್ಟೆ, ಅರ ಹಾಕಿ ಉಜ್ಜಿದೆ, ಬೈದೆ. ಕೊನೆಗೆ ಒಂದೊಂದೇ ಅಚ್ಚನ್ನ ಬೆಳಕಿಗೆ ಹಿಡಿದು ನೋಡಿದಾಗ ಗೊತ್ತಾಯ್ತು. ಒಂದು 90 ಇದೆ, ಒಂದು 85, ಇನ್ನೊಂದು ದೇವರಿಗೇ ಪ್ರೀತಿ. ಮೂರು ಚಕ್ರಾನೂ ಒಂದೇ ರಾಡ್ ಹಿಡಿದಿದೆ. ಒಂದು ಒಂಚೂರು ಹಿಂದೆ ಬಿದ್ರೂ ಅದು ಉಳಿದವನ್ನ ಎಳೆದು ನಿಲ್ಲಿಸುತ್ತೆ. ಅಸಲಿಗೆ 90 ಅನ್ನೋದು ಅಷ್ಟು ಕಟ್ಟುನಿಟ್ಟಲ್ಲ, 88 ಆದ್ರೂ ಇಂಜಿನ್ ಓಡುತ್ತೆ. ಆದ್ರೆ ತಪ್ಪು ಮಾಡೋದಾದ್ರೆ ಮೂರೂ ಒಂದೇ ತಪ್ಪು ಮಾಡಬೇಕು.

ಅದಕ್ಕೆ ಈ ಮಣೆ. ಹಳೇ ಹಲಗೆ ತುಂಡು, ಮಧ್ಯ ಅಚ್ಚು ಕೂರೋಕೆ ಒಂದು ಕಚ್ಚು, ಎರಡೂ ಕಡೆ ಪಿನ್ನು ತಡೆಯೋಕೆ ಒಂದೊಂದು ಮೊಳೆ. ಮೊಳೆ ಹೊಡೆಯೋ ಜಾಗವನ್ನ ಬಡಗಿಯೋರ ಮೂಲೆಮಟ್ಟ ಇಟ್ಟು ಗುರುತು ಮಾಡಿದ್ದು. ಅಚ್ಚು ಇಟ್ಟು, ಪಿನ್ನುಗಳನ್ನ ಮೊಳೆಗೆ ತಾಗಿಸಿ, ಅರಾಲ್ಡೈಟ್ ಅಂಟು ಹಾಕಿ ರಾತ್ರಿ ಪೂರ್ತಿ ಬಿಡೋದು. ಮೂರು ಅಚ್ಚು, ಮೂರು ರಾತ್ರಿ, ಒಂದೇ ಮಣೆ. ನಾಲ್ಕನೇ ದಿನ ಬೆಳಿಗ್ಗೆ ತಿರುಗಿಸಿದ್ರೆ... ಈ ಶಾಟ್‌ಗೆ ಮ್ಯೂಸಿಕ್ ಹಾಕಿಲ್ಲ, ಸುಮ್ನೆ ನೋಡಿ.

ರಾಡ್‌ಗಳ ಮೇಲೆ ಇನ್ನೊಂದಿಷ್ಟು ಸಣ್ಣ ಕಡ್ಡಿಗಳು ಕುಣೀತಿವೆಯಲ್ಲ, ಅದು ಉಗಿಯನ್ನ ಯಾವಾಗ ಒಳಗೆ ಬಿಡಬೇಕು, ಯಾವಾಗ ಹೊರಗೆ ಕಳಿಸಬೇಕು ಅನ್ನೋದನ್ನ ನೋಡ್ಕೊಳ್ಳೋ ಏರ್ಪಾಡು. ರೈಲು ಹಿಂದಕ್ಕೆ ಹೋಗೋದೂ ಇದರಿಂದಲೇ. ಬೆಲ್ಜಿಯಂನ ವಾಲ್‌ಶಾರ್ಟ್ಸ್ ಅನ್ನೋರು 1844ರಲ್ಲಿ ಕಂಡುಹಿಡಿದಿದ್ದು. ನಂದು ಬರೀ ತೋರಿಕೆಗೆ. ಆದ್ರೆ ಕೊಡೆಯಲ್ಲಿ ಕಡ್ಡಿಗೆ ಕಡ್ಡಿ ಸೇರೋ ಕಡೆ ರಿವೆಟ್ ಹೊಡೆದ ಕೀಲು ಇರುತ್ತಲ್ಲ, ಅದನ್ನೇ ಹಾಗ್‌ಹಾಗೇ ಕತ್ತರಿಸಿ ಕೂರಿಸಿದೆ. ನನಗೆ ಈ ಇಡೀ ಇಂಜಿನ್ನಲ್ಲಿ ತುಂಬ ಇಷ್ಟವಾದ ಭಾಗ ಇದು. ಯಾರೂ ಗಮನಿಸಲ್ಲ, ಅದು ಬೇರೆ ಮಾತು.

ಮಗ ಕೇಳಿದ, “ಅಮ್ಮಾ, ನಿಜವಾದ ಉಗಿಯಲ್ಲೇ ಓಡಿಸಬಹುದಲ್ಲ, ಡಬ್ಬಿ ಇದೆ, ಗ್ಯಾಸ್ ಇದೆ?” ನೀವೂ ಕೇಳ್ತೀರ ಅಂತ ಗೊತ್ತು. ಬೇಡ. ಒಂದು ಲೋಟ ನೀರು ಕುದ್ದು ಉಗಿಯಾದ್ರೆ 1,600 ಲೋಟಕ್ಕೂ ಜಾಸ್ತಿ ಜಾಗ ಕೇಳುತ್ತೆ. ಜಾಗ ಕೊಡದೇ ಮುಚ್ಚಿಟ್ರೆ ಅದೇ ಒತ್ತಡ. ಅಡುಗೆಮನೆ ಕುಕ್ಕರಲ್ಲಿ ಚದರ ಇಂಚಿಗೆ ಸುಮಾರು 15 ಪೌಂಡ್ ಒತ್ತಡ, ವೈಪಿ ಬಾಯ್ಲರ್‌ನಲ್ಲಿ 210. ಹದಿನಾಲ್ಕು ಪಟ್ಟು. ಡಬ್ಬಿಗೆ ಮಾಮೂಲಿ ತವರ-ಸೀಸದ ಬೆಸುಗೆ ಹಾಕಿದ್ರೆ ಅದು 183 ಡಿಗ್ರಿ ಸುಮಾರಿಗೆ ಕರಗಿಬಿಡುತ್ತೆ. ಒಳಗೆ ನೀರಿರೋ ತನಕ ತಡ್ಕೊಳ್ಳುತ್ತೆ, ನೀರು ಇಂಗಿದ ಕೂಡಲೇ ಬಿಟ್ಕೊಳ್ಳುತ್ತೆ. ಅದು ಆಟಿಕೆ ಅಲ್ಲ, ಬಾಂಬು.

ಇದಕ್ಕೆ ಮಾವನೋರು ಒಂದು ಮಾತು ಸೇರಿಸಿದ್ರು. ಕುಕ್ಕರ್ ಮುಚ್ಚಳದಲ್ಲಿ ಸೇಫ್ಟಿ ವಾಲ್ವ್ ಅಂತ ಒಂದು ಸಣ್ಣ ಗುಂಡಿ ಇರುತ್ತಲ್ಲ, ನೀರು ಆರಿಹೋದ್ರೆ ಒಳಗಿನ ಲೋಹ ಕರಗಿ ಉಗಿ ಹೊರಗೆ ಬಿಡೋದು, ಅದರ ದೊಡ್ಡಣ್ಣ ಇಂಜಿನ್ನಲ್ಲೂ ಇತ್ತು. ಬೆಂಕಿಗೂಡಿನ ನೆತ್ತಿ ಮೇಲೆ, ಲೆಡ್ ಪ್ಲಗ್ ಅಂತ. ನೀರು ಕೆಳಗಿಳಿದ್ರೆ ಸೀಸ ಕರಗಿ, ಉಗಿ ನೇರ ಬೆಂಕಿ ಮೇಲೆ. “ಪ್ಲಗ್ ಹೋಯ್ತು ಅಂದ್ರೆ ಡ್ರೈವರಿಗೂ ಫೈರ್‌ಮನ್ನಿಗೂ ಮರ್ಯಾದೆ ಹೋದಂಗೆ. ನೀರು ಎಷ್ಟಿದೆ ಅಂತ ತೋರಿಸೋ ಗೇಜ್ ಗ್ಲಾಸನ್ನ ನಾವು ಹೆಂಡ್ತಿ ಮುಖಕ್ಕಿಂತ ಜಾಸ್ತಿ ನೋಡಿದೀವಿ.” ನಮ್ಮತ್ತೆ ಒಳಗಿಂದ, “ಅದು ನನಗೆ ಗೊತ್ತು” ಅಂದ್ರು.

ಹಾಗಾಗಿ ನನ್ನ ವೈಪಿ ಬ್ಯಾಟರಿ ಮೇಲೆ, ಸ್ಟ್ಯಾಂಡ್ ಮೇಲೆ ನಿಂತಲ್ಲೇ ಚಕ್ರ ತಿರುಗಿಸುತ್ತೆ. ಹಳಿ ಮೇಲೆ ಓಡಿಸೋ ಧೈರ್ಯ ಉಪ್ಪಿನಕಾಯಿ ಮುಚ್ಚಳಕ್ಕಿಲ್ಲ. ಆದ್ರೆ ಸದ್ದು ಬೇಕಲ್ಲ? ಸದ್ದಿಲ್ಲದ ಉಗಿ ಇಂಜಿನ್ ನೋಡೋಕೆ ಒಂಥರಾ ಸಂಕಟ.

ಇಲ್ಲೊಂದು ತಮಾಷೆ ಸಿಕ್ತು. ಸಿಲಿಂಡರ್‌ನ ಎರಡೂ ತುದಿಯಿಂದ ಉಗಿ ತಳ್ಳುತ್ತೆ, ಪ್ರತಿ ತಳ್ಳಾಟ ಮುಗಿದಾಗ ಬಳಸಿದ ಉಗಿ ಚಿಮಣಿಯಿಂದ ಉಸಿರು ಬಿಟ್ಟಂಗೆ ಹೊರಗೆ ಬರುತ್ತೆ. ಎರಡು ಸಿಲಿಂಡರ್, ಎರಡೆರಡು ತುದಿ. ಚಕ್ರ ಒಂದು ಸುತ್ತು ತಿರುಗಿದ್ರೆ ನಾಲ್ಕು ಉಸಿರು. ಕಾಲು ಸುತ್ತಿನ ಲೆಕ್ಕದಲ್ಲಿ ಕೂರಿಸಿರೋದ್ರಿಂದ ನಾಲ್ಕೂ ಸಮ ಅಂತರದಲ್ಲಿ ಬರ್ತವೆ. ಈಗ ನಾವು ಮಕ್ಕಳಿಗೆ ರೈಲು ಹೇಗೆ ಹೋಗುತ್ತೆ ಅಂತ ಹೇಳ್ಕೊಡ್ತೀವಿ? ಚು-ಕು-ಬು-ಕು. ನಾಲ್ಕು! ಒಂದು ಚುಕುಬುಕು ಅಂದ್ರೆ ಚಕ್ರದ ಒಂದು ಸುತ್ತು, ವೈಪಿಗೆ ಸುಮಾರು 4.3 ಮೀಟರ್ ದಾರಿ. ಯಾರು ಎಣಿಸಿ ಇಟ್ರೋ, ಎಣಿಸದೇ ಬಂತೋ, ನನಗಂತೂ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಗಂಟೆಗೆ 60 ಕಿಲೋಮೀಟರ್ ಹೋಗುವಾಗ ಲೆಕ್ಕ ಹಾಕಿದ್ರೆ ಸೆಕೆಂಡಿಗೆ 15 ಉಸಿರು. ಆಗ ಬಿಡಿಬಿಡಿಯಾಗಿ ಕೇಳಿಸಲ್ಲ, ಒಂದೇ ಮೊರೆತ. ಚುಕುಬುಕು ಅನ್ನೋದು ಸ್ಟೇಷನ್ ಬಿಡೋ ರೈಲಿನ ಭಾಷೆ.

ಸದ್ದಿಗೆ ಮಾಡಿದ ಉಪಾಯ ಇದು. ದೊಡ್ಡ ಚಕ್ರದ ಅಚ್ಚಿಗೆ ಒಂದು ರಟ್ಟಿನ ಬಿಲ್ಲೆ. ಅದರ ಅಂಚಿಗೆ ಕಾಲು ಸುತ್ತಿಗೊಂದರಂತೆ ನಾಲ್ಕು ಸ್ಯಾಂಡ್‌ಪೇಪರ್ ಪಟ್ಟಿ. ಅದಕ್ಕೆ ತಾಗೋ ಹಾಗೆ ಹಳೇ ಟೂತ್‌ಬ್ರಶ್ಶಿನ ತಲೆ, ಬ್ರಶ್ಶು ಅಂಟಿರೋದು ಒಂದು ಖಾಲಿ ತಗಡಿನ ಡಬ್ಬಿಗೆ. ಪಟ್ಟಿ ಉಜ್ಜಿದಾಗ ಡಬ್ಬಿ ಗುಂಯ್ ಅನ್ನದೇ ಹಸ್ಸ್ ಅನ್ನುತ್ತೆ. ಡಬ್ಬಿ ಟೆಂಡರ್ ಒಳಗೆ, ಅಂದ್ರೆ ಇಂಜಿನ್ ಹಿಂದೆ ಕಲ್ಲಿದ್ದಲು, ನೀರು ಹೊರೋ ಗಾಡಿಯೊಳಗೆ ಕೂತಿದೆ, ಮೇಲೆ ಕಲ್ಲಿದ್ದಲು ಅಂತ ಇಸ್ತ್ರಿಯವರ ಇದ್ದಿಲ ಚೂರು.

ಕಪ್ಪು ಬಣ್ಣ ಒಣಗಿದ ಮೇಲೆ ಸಂಜೆ ಮಾವನೋರನ್ನ ಕರೆದೆ. ಸ್ವಿಚ್ ಹಾಕಿದೆ. ಮಗ, ನಮ್ಮೆಜಮಾನ್ರು, ಅತ್ತೆ ಎಲ್ಲ ಚಪ್ಪಾಳೆ ತಟ್ಟಿದ್ರು. ಮಾವನೋರಿಗೆ ಅಷ್ಟು ಸಣ್ಣ ಸದ್ದು ಕೇಳಿಸಲಿಲ್ಲ. ಹತ್ತಿರ ಬಂದು ಟೆಂಡರ್ ಮೇಲೆ ಎರಡು ಬೆರಳಿಟ್ಟು, ನಾಡಿ ನೋಡೋರ ಥರ ಕಣ್ಣು ಮುಚ್ಚಿದ್ರು. ಸುಮಾರು ಹೊತ್ತು.

“ಮೂರನೇ ಬೀಟು ಕುಂಟ್ತಾ ಇದೆಯಲ್ಲಮ್ಮ.”

ಇಲ್ಲ ಮಾವ, ಸರಿಯಾಗಿದೆ ಅಂದೆ. ಅವರು ಬೆರಳು ತೆಗೀಲಿಲ್ಲ. ಬಿಚ್ಚಿ ನೋಡಿದೆ. ಇಲ್ಲಿ, ಇದೇ. ಮೂರನೇ ಸ್ಯಾಂಡ್‌ಪೇಪರ್ ಪಟ್ಟಿ, ಅರ್ಧ ಕಿತ್ತು ಮಡಚಿಕೊಂಡಿದೆ. ಅರಾಲ್ಡೈಟ್ ಮತ್ತೆ ಕಲಸ್ತಾ ಇದೀನಿ. ಒಣಗೋಕೆ ನಾಳೆ ಬೆಳಿಗ್ಗೆ ಆಗುತ್ತೆ. ಮಾವನೋರು ಅಲ್ಲೇ ಕುರ್ಚಿ ಎಳ್ಕೊಂಡು ಕೂತಿದಾರೆ.