ಸೇಫ್ಟಿ ಬೋರ್ಡ್ ಎಣಿಸದ ಒತ್ತಡ

ನಮಸ್ಕಾರ. ಸಮುದ್ರದಲ್ಲಿ ಎಣ್ಣೆ ಬಾವಿ ಕೊರೆಯುವ ನಮ್ಮ ರಿಗ್ ಒಳಗಿನ ವಿಡಿಯೋ ಎಲ್ಲಿ ಅಂತ ಕೇಳಬೇಡಿ. ನಮ್ಮ ಡ್ರಿಲ್ ಫ್ಲೋರಿಗೆ ಮೊಬೈಲ್ ಒಯ್ಯುವಂತಿಲ್ಲ. ಗ್ಯಾಸ್ ಇದ್ದರೆ ಒಂದು ಕಿಡಿ ಸಾಕು. ಅದಕ್ಕೇ ಸುಮ್ನೆ ರಿಗ್‌ಗೆ ಹೊರಡುವ ಮುಂಬೈನ ಜುಹೂ ಹೆಲಿಕಾಪ್ಟರ್ ನೆಲೆಯ ಹೊರಗಿನ ರಸ್ತೆ, ನನ್ನ ಬ್ಯಾಗು ತೋರಿಸುತ್ತಿದ್ದೇನೆ.

ಊರಿನಲ್ಲಿ ಬೋರ್‌ವೆಲ್ ಕೊರೆಸುವಾಗ ನೀರು ಚಿಮ್ಮಿದರೆ ಹಬ್ಬ, ಅಲ್ವಾ? ಇಲ್ಲಿ ಬಾವಿ ತಾನಾಗಿ ಉಕ್ಕಿದರೆ ಎದೆ ಧಸಕ್ಕೆನ್ನುತ್ತದೆ. ಕೆಳಗಿನ ಎಣ್ಣೆ, ಗ್ಯಾಸಿನ ಒತ್ತಡವನ್ನು ಅದುಮಿ ಹಿಡಿಯುವುದು ಭಾರವಾದ ಮಡ್, ಅಂದರೆ ಪಂಪಿನಿಂದ ಬಾವಿಗೆ ಇಳಿಸುವ ಕೆಸರಿನಂಥ ದ್ರವ. ಪಂಪ್ ನಿಲ್ಲಿಸಿದ ಮೇಲೂ ಮಡ್ ಹರಿಯುತ್ತಿದೆಯಾ? ಕಳಿಸಿದ್ದಕ್ಕಿಂತ ಜಾಸ್ತಿ ವಾಪಸ್ ಬಂತಾ? ಹಾಗಾದರೆ ಅದು ಕಿಕ್ ಇರಬಹುದು, ಅಂದರೆ ಕೆಳಗಿನ ಎಣ್ಣೆ, ಗ್ಯಾಸ್ ಬಾವಿಯೊಳಗೆ ನುಗ್ಗಿರಬಹುದು. ಕೂಡಲೇ ಬಿಒಪಿ, ಅಂದರೆ ಬಾವಿಯ ಬಾಯಿಯಲ್ಲಿರುವ ದೊಡ್ಡ ಕವಾಟ, ಮುಚ್ಚಿ ಬಾವಿಯನ್ನು ತಡೆಯಬೇಕು. ತಡವಾದರೆ ಬ್ಲೋಔಟ್, ಬಾವಿ ಹಿಡಿತ ತಪ್ಪಿ ಉಕ್ಕುತ್ತದೆ.

ರಿಗ್ ಮೇಲೆ ಕಾಲಿಟ್ಟರೆ ಮೊದಲು ಕಾಣುವುದು ಬೋರ್ಡ್: ಗಾಯವಿಲ್ಲದೆ ಇಷ್ಟು ದಿನ ಕಳೆದಿದೆ ಅಂತ. ನನಗೆ ಆ ಬೋರ್ಡ್ ಮೇಲೆ ಅಷ್ಟು ನಂಬಿಕೆಯಿಲ್ಲ. ಕಾರಣ 2010ರ ಏಪ್ರಿಲ್ 20. ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ರಿಗ್‌ನಲ್ಲಿ ಏಳು ವರ್ಷ ಯಾರೂ ಗಾಯಗೊಂಡು ಕೆಲಸ ತಪ್ಪಿಸಿರಲಿಲ್ಲ. ಅದನ್ನು ಮೆಚ್ಚಿಕೊಳ್ಳಲು ಕಂಪನಿಯ ದೊಡ್ಡವರು ಅವತ್ತೇ ಅಲ್ಲಿಗೆ ಬಂದಿದ್ದರು. ಅದೇ ಸಂಜೆ, ತಳದ ಸಿಮೆಂಟ್ ಬಿಗಿಯಾಗಿ ಕೂತಿದೆಯಾ ಅಂತ ನೋಡುವ ಪರೀಕ್ಷೆ ನಡೆಯಿತು. ಡ್ರಿಲ್ ಪೈಪಿನಲ್ಲಿ ಸೊನ್ನೆ ಇರಬೇಕಾದ ಒತ್ತಡ 1,400 ಪಿಎಸ್‌ಐ ತೋರಿಸಿತು, ಅಂದರೆ ಸಿಮೆಂಟ್ ಕೆಳಗಿನ ಒತ್ತಡವನ್ನು ತಡೆದಿರಲಿಲ್ಲ. ಪಕ್ಕದಲ್ಲಿ ಬಾವಿಗೆ ಸೇರುವ ಇನ್ನೊಂದು ಪೈಪು, ಕಿಲ್ ಲೈನಿನಲ್ಲಿ ಹರಿವಿಲ್ಲವಲ್ಲ ಎಂದು ಅದನ್ನೇ ನಂಬಿದರು. ಪೈಪಿನ ಅಂಕಿಗೆ ಒಂದು ನೆಪ ಸಿಕ್ಕಿತು, ಟೆಸ್ಟ್ ಪಾಸಾಯಿತು. ರಾತ್ರಿ ಹತ್ತಾಗುವ ಮೊದಲೇ ಸ್ಫೋಟ. 11 ಜನ ಸತ್ತರು. 87 ದಿನ ಎಣ್ಣೆ ಸಮುದ್ರಕ್ಕೆ ಸುರಿಯಿತು.

ನೋಡಿ, ಬೋರ್ಡ್ ಎಣಿಸುವುದು ಜಾರಿದ ಕಾಲು, ಜಜ್ಜಿದ ಬೆರಳು. ಬಾವಿಯ ಒತ್ತಡ ಅದರ ಲೆಕ್ಕದಲ್ಲೇ ಇಲ್ಲ.

ನಮ್ಮಲ್ಲೂ ಆಗಿದೆ. 2020ರ ಮೇ 27ರಂದು ಅಸ್ಸಾಮಿನ ಬಾಘ್‌ಜಾನ್ ಬಾವಿ ಬ್ಲೋಔಟ್ ಆಯಿತು. ಜೂನ್ 9ಕ್ಕೆ ಬೆಂಕಿ ಹತ್ತಿತು, ಅಗ್ನಿಶಾಮಕ ಸಿಬ್ಬಂದಿಯಲ್ಲಿ ಇಬ್ಬರು ಸತ್ತರು. ಪೂರ್ತಿ ಆರಿದ್ದು ನವೆಂಬರಿನಲ್ಲಿ. ಹತ್ತಿರದ ಮಾಗುರಿ ಕೆರೆಯಲ್ಲಿ ಎಣ್ಣೆ ತೇಲಿತು, ಊರುಗಳ ಜನ ಮನೆ ಬಿಟ್ಟು ಶಿಬಿರ ಸೇರಿದರು. ರಿಗ್ ಮೇಲೆ ಕೆಲಸ ಮಾಡದವರೂ ನಮ್ಮ ಲೆಕ್ಕಕ್ಕೆ ಸೇರುತ್ತಾರೆ ಅನ್ನುವುದು ಇದಕ್ಕೇ.

ಕೆಲಸ ನಿಲ್ಲಿಸುವ ಹಕ್ಕು ಎಲ್ಲರಿಗೂ ಇದೆ, ಹೊಸ ಹುಡುಗನಿಗೂ. ಆದರೆ ರಿಗ್ ಬಾಡಿಗೆ ದಿನದ ಲೆಕ್ಕ. ಹತ್ತು ನಿಮಿಷ ಪಂಪ್ ನಿಲ್ಲಿಸಿ ಫ್ಲೋ ಚೆಕ್ ಮಾಡೋಣ ಎಂದವನತ್ತ ಡ್ರಿಲ್ಲರ್ ಮುಖ ಹೇಗಿರುತ್ತದೆ ಅನ್ನುವುದರ ಮೇಲೆ ಆ ಹುಡುಗ ಮತ್ತೆ ಬಾಯಿ ತೆರೆಯುತ್ತಾನೋ ಇಲ್ಲವೋ ನಿಂತಿದೆ.

ಮುಂದಿನ ವಿಡಿಯೋದಲ್ಲಿ, ನೀರಲ್ಲಿ ತಲೆಕೆಳಗಾದ ಹೆಲಿಕಾಪ್ಟರಿನಿಂದ ಹೊರಬರುವ ತರಬೇತಿ. ಅದನ್ನು ಈಜುಕೊಳದಲ್ಲಿ ಮಾಡಿಸುತ್ತಾರೆ, ಶೂಟ್ ಮಾಡಲು ಒಪ್ಪಿಗೆ ಕೇಳಿದ್ದೇನೆ.