ದೊಡ್ಡಮ್ಮನ ಕೈಗೆ ಬಟವಾಡೆ ಪುಸ್ತಕ ವಾಪಸ್ ಕೊಡಿ

ಎಲ್ರಿಗೂ ನಮಸ್ಕಾರ. ಹಿರಿಯರ ದಿನಕ್ಕೆ ಕರೆದವರು "ಡಾಕ್ಟ್ರೇ, ಟೆನ್ಷನ್ ಇಲ್ದೆ ಬದುಕೋದು ಹೇಗೆ ಅಂತ ಮಾತಾಡಿ" ಅಂದ್ರು. ನಾನು ಬಂದಿರೋದು ಸ್ವಲ್ಪ ಟೆನ್ಷನ್ ಇರ್ಲಿ ಅಂತ ಹೇಳೋಕೆ. ಹಿಂದೆ ಕೂತಿರೋ ಮಕ್ಳು ಸೊಸೆಯಂದಿರು ಸ್ವಲ್ಪ ಮುಂದೆ ಬನ್ನಿ, ಇದು ನಿಮಗೇ ಜಾಸ್ತಿ.

ಚಿಕ್ಕಮಗಳೂರಿನ ಆಲ್ದೂರು ಕಡೆ ನಮ್ಮ ದೊಡ್ಡಮ್ಮ ಒಬ್ರು. ದೊಡ್ಡಪ್ಪ ತೀರ್ಕೊಂಡ ಮೇಲೂ ಕಾಫಿ ತೋಟದ ಆಳುಗಳ ಕೂಲಿ ಬಟವಾಡೆ ಅವರದ್ದೇ. ಯಾರು ಎಷ್ಟು ಕೆಜಿ ಹಣ್ಣು ಕುಯ್ದ್ರು, ಯಾರಿಗೆ ಅಡ್ವಾನ್ಸ್ ಹೋಗಿದೆ, ಎಲ್ಲಾ ಬಾಯಲ್ಲಿ. ಮಗ ಪ್ರೀತಿಯಿಂದಾನೇ "ಅಮ್ಮ ನೀನು ಸುಮ್ನೆ ಕೂತ್ಕೋ" ಅಂತ ಪುಸ್ತಕ ಕಿತ್ಕೊಂಡು ತೋಟದ ಲೆಕ್ಕ ಬರೆಯೋ ರೈಟ್ರಿಗೆ ಕೊಟ್ಟ. ಆಮೇಲೆ ಟಿವಿ ಮುಂದೆ ಹಗಲೆಲ್ಲಾ ನಿದ್ದೆ, ರಾತ್ರಿ ಎಚ್ಚರ, ಊಟ ಸೇರಲ್ಲ, ಮಾತೂ ಕಮ್ಮಿ. ಕುಯ್ಲಿನ ಮಧ್ಯದಲ್ಲಿ ರೈಟ್ರು ಕೆಲ್ಸ ಬಿಟ್ಟೋದ್ರು ನೋಡಿ, ಬೇರೆ ದಾರಿ ಇಲ್ದೆ ಪುಸ್ತಕ ಮತ್ತೆ ದೊಡ್ಡಮ್ಮನ ಹತ್ರ ಬಂತು. ಸಂಜೆ ಕಣದಲ್ಲಿ ತೂಕದ ಪಕ್ಕ ಕುರ್ಚಿ ಹಾಕ್ಕೊಂಡು, ಕನ್ನಡಕ ಮೂಗಿನ ತುದೀಲಿಟ್ಕೊಂಡು, "ಆ ಚೀಲದಲ್ಲಿ ಹಸಿಕಾಯಿ ಯಾಕೋ ಅಷ್ಟು ಬಂತು" ಅಂತ ಮಗನಿಗೇ ಗದರಿಸಿದ್ರಂತೆ. ರಾತ್ರಿ ಎರಡು ಅಕ್ಕಿ ರೊಟ್ಟಿ ತಿಂದು ಮಲ್ಗಿದ್ರು ಅಂತ ಸೊಸೆ ಫೋನ್ ಮಾಡಿ ಖುಷಿಪಟ್ಲು.

ಒಬ್ರ ಕಥೆಯಿಂದ ವಿಜ್ಞಾನ ಆಗಲ್ಲ, ಒಪ್ತೀನಿ. ಆದ್ರೆ ದೇಹ ನಡ್ಕೊಳ್ಳೋದೇ ಹಂಗೆ. ಭಾರ ಬಿದ್ರೇನೇ ಮೂಳೆ ಗಟ್ಟಿ ಇರೋದು, ಬಾಹ್ಯಾಕಾಶದಲ್ಲಿ ಭಾರವೇ ಇಲ್ದೆ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಸುಮಾರು ಶೇಕಡಾ 1ರಷ್ಟು ಸವೆಯುತ್ತೆ. 1953ರಲ್ಲಿ ಜೆರ್ರಿ ಮಾರಿಸ್ ಅನ್ನೋ ಡಾಕ್ಟ್ರು ಲಂಡನ್ ಬಸ್ಸಿನವರ ಲೆಕ್ಕ ತೆಗೆದ್ರು, ಕೂತೇ ಇರೋ ಡ್ರೈವರ್‌ಗಳಿಗಿಂತ ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿ ಇಳಿಯೋ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಮ್ಮಿ. ಮೆಟ್ಟಿಲು ಹತ್ತೋದೂ ದೇಹಕ್ಕೆ ಸ್ಟ್ರೆಸ್ಸೇ ಕಣ್ರೀ! ಸಣ್ಣ ಏಟು ಬಿದ್ದಾಗ ಜೀವಕೋಶ ರಿಪೇರಿ ಕೆಲ್ಸಕ್ಕಿಳಿಯುತ್ತೆ, ಕೆಟ್ಟ ಪ್ರೋಟೀನ್ ಸರಿಮಾಡುತ್ತೆ ಇಲ್ಲಾ ಹೊರಗೆ ಹಾಕುತ್ತೆ. ಇದಕ್ಕೆ ಹಾರ್ಮೆಸಿಸ್ ಅಂತಾರೆ. ನಿಮಗೆ ನಾನು ಹೇಳ್ಬೇಕಾ, ಕಾಫಿ ಮೊಗ್ಗು ಬೇಸಿಗೆ ಒಣಗು ತಡ್ಕೊಂಡಿದ್ರೆ ತಾನೇ ಹೂಮಳೆ ಬಿದ್ದು ಎಂಟತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗೋದು?

ಹಾಗಂತ ಸಾಲದ ಚಿಂತೆ, ವರ್ಷಗಟ್ಟಲೆ ಜಗಳ, ಹಾಸಿಗೆ ಹಿಡಿದವರನ್ನ ಒಬ್ರೇ ನೋಡ್ಕೊಂಡು ನಿದ್ದೆಗೆಡೋದು ಒಳ್ಳೇದು ಅಂತ ನಾನು ಹೇಳ್ತಿಲ್ಲ, ತಪ್ಪು ತಿಳ್ಕೋಬೇಡಿ. ಅಲ್ಲಿ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನ್ ಇಳಿಯೋಕೆ ಪುರುಸೊತ್ತೇ ಸಿಗಲ್ಲ, ಬಿಪಿ ಶುಗರ್ ಏರುತ್ತೆ, ನೆನಪಿನ ಶಕ್ತಿಗೂ ಪೆಟ್ಟು. ಒತ್ತಡ ಬರ್ಬೇಕು, ಹೋಗ್ಬೇಕು, ಮಧ್ಯೆ ನಿದ್ದೆ ಬರ್ಬೇಕು. ಅದಕ್ಕೇ ಮತ್ತೆ ಹೇಳ್ತೀನಿ, ಪುಸ್ತಕ ಕಿತ್ಕೋಬೇಡಿ. ಸಂತೆಗೆ ಅವರೇ ಹೋಗ್ಲಿ, ಚೌಕಾಸಿ ಮಾಡ್ಲಿ.

ಅಧ್ಯಕ್ಷರು ವಾಚ್ ತೋರಿಸ್ತಿದಾರೆ, ಉಪವಾಸದ ವಿಷ್ಯ, ತಣ್ಣೀರು ಸ್ನಾನದ ವಿಷ್ಯ ಎರಡೂ ಬಿಟ್ಟೆ. ಎದೆನೋವು, ತಲೆಸುತ್ತು ಇರೋರು ಮಾತ್ರ ತೋರಿಸ್ಕೊಂಡೇ ಹೊಸ ವ್ಯಾಯಾಮ ಶುರು ಮಾಡಿ, ಬಿಪಿ ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ. ಮಿಕ್ಕಿದ್ದು ಊಟಕ್ಕೆ ಕೂತಾಗ ಕೇಳಿ, ನಾನು ಇಲ್ಲೇ ಇರ್ತೀನಿ.