ಕಿಟ್ ಆಮೇಲೆ, ಮೊದಲು ಒಂದು ಹಳೇ ವೈಪರ್

ಕೀ ಇಲ್ಲದೆ ಬೀಗ ತೆಗೆಯುವ ಹವ್ಯಾಸದ ಮಾತೆತ್ತಿದರೆ ಸಾಕು, ಎರಡು ಪ್ರಶ್ನೆ ಬಂದೇ ಬರುತ್ತವೆ. ಒಂದು, ಇದು ಕಳ್ಳರ ಕೆಲಸ ಅಲ್ವಾ? ಇನ್ನೊಂದು, ಯಾವ ಕಿಟ್ ತಗೊಳ್ಳಬೇಕು? ಮೊದಲನೆಯದಕ್ಕೆ ಆಮೇಲೆ ಬರುತ್ತೇನೆ. ಎರಡನೆಯದಕ್ಕೆ ಈಗಲೇ ಹೇಳಿಬಿಡುತ್ತೇನೆ: ಯಾವುದೂ ಬೇಡ. ಮೊದಲ ಪಿಕ್, ಅಂದರೆ ಬೀಗದೊಳಗಿನ ಪಿನ್ ಎತ್ತುವ ಕಡ್ಡಿ, ನೀವೇ ಮಾಡಿಕೊಳ್ಳಿ.

ದುಡ್ಡು ಉಳಿಯಲಿ ಅಂತ ಹೇಳುತ್ತಿಲ್ಲ. ನನ್ನ ತಕರಾರು ಬೇರೆ. ಹತ್ತಾರು ಕಡ್ಡಿಗಳ ಕಿಟ್ ಬಿಚ್ಚಿ ಮುಂದೆ ಹರಡಿಕೊಂಡರೆ, ಯಾವ ಕಡ್ಡಿ ಯಾಕೆ ಆ ಆಕಾರದಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ. ಒಂದರಲ್ಲಿ ಆಗಲಿಲ್ಲ ಅಂದರೆ ಇನ್ನೊಂದು. ಅದೂ ಆಗಲಿಲ್ಲ ಅಂದರೆ ಮತ್ತೊಂದು. ತಪ್ಪು ಕಡ್ಡಿಯದ್ದೇ ಅನ್ನಿಸುತ್ತಾ ಹೋಗುತ್ತದೆ. ಅಷ್ಟು ಹೊತ್ತೂ ಇನ್ನೊಂದು ಕೈ, ಅಂದರೆ ಬೀಗ ತಿರುಗಿಸಲು ಒತ್ತಡ ಕೊಡುತ್ತಿರುವ ಕೈ, ಬೀಗವನ್ನು ಜೀವ ಹೋಗುವ ಹಾಗೆ ಹಿಂಡುತ್ತಿರುತ್ತದೆ. ಅದನ್ನು ಯಾರೂ ನೋಡುವುದಿಲ್ಲ.

ಒಳಗೆ ಏನಿದೆ ಅಂತ ಸ್ವಲ್ಪ ನೋಡೋಣ. ಮಾಮೂಲಿ ಪಿನ್ ಬೀಗದಲ್ಲಿ ಕೀ ಹಾಕುವ ಒಂದು ಉರುಳೆ ಇರುತ್ತದೆ. ಅದರ ಸುತ್ತ ಗಟ್ಟಿ ಬಾಡಿ. ಬಾಡಿಯಿಂದ ಉರುಳೆಯೊಳಕ್ಕೆ ನಾಲ್ಕೋ ಐದೋ ಆರೋ ತೂತು. ಒಂದೊಂದು ತೂತಿನಲ್ಲೂ ಒಂದರ ಮೇಲೊಂದು ಎರಡು ಪಿನ್, ಅದರ ಮೇಲೆ ಸ್ಪ್ರಿಂಗ್. ಕೀ ಇಲ್ಲದಾಗ ಮೇಲಿನ ಪಿನ್ನು ಸ್ವಲ್ಪ ಬಾಡಿಯಲ್ಲಿ, ಸ್ವಲ್ಪ ಉರುಳೆಯಲ್ಲಿ ಅಡ್ಡ ಸಿಕ್ಕಿಕೊಂಡು ಉರುಳೆ ತಿರುಗದಂತೆ ತಡೆಯುತ್ತದೆ. ಸರಿಯಾದ ಕೀ ಪ್ರತಿ ಪಿನ್ನನ್ನೂ ಬೇಕಾದಷ್ಟೇ ಎತ್ತುತ್ತದೆ. ಎರಡು ಪಿನ್ ಸೇರುವ ಸಂದು ಉರುಳೆಯ ಅಂಚಿಗೆ ಬಂದು ನಿಲ್ಲುತ್ತದೆ. ಉರುಳೆ ತಿರುಗುತ್ತದೆ. ಮರದ ಪಿನ್ ಇದ್ದ ಬೀಗ ಪ್ರಾಚೀನ ಈಜಿಪ್ಟಿನಲ್ಲೇ ಇತ್ತು. ಈಗ ನಾವು ಕಾಣುವ ಚಪ್ಪಟೆ ಕೀಯ ರೂಪಕ್ಕೆ ಅಮೆರಿಕದ ಲೈನಸ್ ಯೇಲ್ ಜೂನಿಯರ್ 1861ರಲ್ಲಿ ಪೇಟೆಂಟ್ ಪಡೆದರು. ಒಳಗಿನ ತತ್ವ ಇವತ್ತಿಗೂ ಅದೇ.

ಇದರಲ್ಲಿ ಒಂದು ಎಡವಟ್ಟಿದೆ. ಆ ತೂತುಗಳನ್ನು ಎಷ್ಟೇ ಹುಷಾರಾಗಿ ಕೊರೆದರೂ ಎಲ್ಲವೂ ಒಂದೇ ಗೆರೆಯಲ್ಲಿ ಬರುವುದಿಲ್ಲ. ಕೂದಲೆಳೆಯಷ್ಟು ಆಚೀಚೆ ಇದ್ದೇ ಇರುತ್ತದೆ. ಹಾಗಾಗಿ ಉರುಳೆಯನ್ನು ಮೆಲ್ಲಗೆ ತಿರುಗಿಸಿ ಹಿಡಿದರೆ ಎಲ್ಲ ಪಿನ್ನೂ ಒಟ್ಟಿಗೆ ಬಿಗಿಯಾಗುವುದಿಲ್ಲ. ಒಂದು ಮೊದಲು ಬಿಗಿಯುತ್ತದೆ. ಅದನ್ನು ಹುಡುಕಿ ಎತ್ತಿದರೆ ಟಿಕ್ ಅಂತ ಕೂರುತ್ತದೆ. ಆಗ ಇನ್ನೊಂದು ಬಿಗಿಯುತ್ತದೆ. ಇಡೀ ವಿದ್ಯೆ ಇಷ್ಟೇ. ಉಳಿದದ್ದೆಲ್ಲ ಬೆರಳಿನ ಅಭ್ಯಾಸ.

ಈಗ ಸಾಮಾನಿಗೆ ಬರೋಣ. ಕಾರಿನ ಹಳೇ ವೈಪರ್ ಬ್ಲೇಡ್ ಬಿಸಾಡುವ ಮೊದಲು ಅದರ ರಬ್ಬರ್ ಎಳೆದು ನೋಡಿ. ಬಹಳಷ್ಟು ವೈಪರ್‌ಗಳಲ್ಲಿ ರಬ್ಬರಿನ ಎರಡೂ ಪಕ್ಕಕ್ಕೆ ಉದ್ದನೆಯ ತೆಳು ಉಕ್ಕಿನ ಪಟ್ಟಿ ಇರುತ್ತದೆ. ಒತ್ತಡ ಕೊಡುವ ಕಡ್ಡಿಗೆ, ನಾವು ಟೆನ್ಷನ್ ಅನ್ನುವುದಕ್ಕೆ, ಅದಕ್ಕಿಂತ ಒಳ್ಳೇ ಸಾಮಾನು ನಾನು ಕಂಡಿಲ್ಲ. ಇಕ್ಕಳದಲ್ಲಿ ಹಿಡಿದು ತುದಿಯನ್ನು ನಿಧಾನವಾಗಿ ಬಾಗಿಸಿದರೆ ಬಾಗುತ್ತದೆ, ಮುರಿಯುವುದಿಲ್ಲ. ಪೇಪರ್ ಕ್ಲಿಪ್ಪಿನಲ್ಲಿ ಮಾಡಿದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಕ್ಲಿಪ್ಪಿನ ತಂತಿ ಮೆತ್ತಗೆ. ನೀವು ಕೊಟ್ಟ ಒತ್ತಡವನ್ನು ಅದೇ ನುಂಗಿಬಿಡುತ್ತದೆ, ಬೀಗದ ಮಾತು ಬೆರಳಿಗೆ ಬರುವುದೇ ಇಲ್ಲ. ಸಿನಿಮಾದ ಹೇರ್‌ಪಿನ್? ಉಕ್ಕೇನೋ ಪರವಾಗಿಲ್ಲ, ಆದರೆ ಎಷ್ಟೋ ಬೀಗಗಳ ಕೀ ಸಂದಿಗೆ ಅದು ದಪ್ಪ.

ಪಿಕ್ಕಿಗೆ ಹ್ಯಾಕ್ಸಾ ಬ್ಲೇಡ್, ಅಂದರೆ ಕಬ್ಬಿಣ ಕುಯ್ಯುವ ಗರಗಸದ ಬ್ಲೇಡ್. ದಪ್ಪ ಸುಮಾರು 0.6 ಮಿಲಿಮೀಟರ್. ಅಂಗಡಿಯಲ್ಲಿ ಸಿಗುವ ಪಿಕ್‌ಗಳೂ ಹೆಚ್ಚುಕಮ್ಮಿ 0.4ರಿಂದ 0.6ರ ಒಳಗೇ ಇರುತ್ತವೆ. ಮೊದಲು ಹಲ್ಲುಗಳನ್ನು ಉಜ್ಜಿ ತೆಗೆಯಬೇಕು. ಆಮೇಲೆ ತುದಿಯಲ್ಲಿ ಸಣ್ಣ ಕೊಕ್ಕೆ. ಗ್ರೈಂಡರ್ ಹಿಡಿದವರು ಇಲ್ಲೇ ಕೆಡಿಸುವುದು. ಉಕ್ಕು ಬಿಸಿಯೇರಿ ನೀಲಿ ಬಣ್ಣ ಬಂತು ಅಂದರೆ ಅಲ್ಲಿ ಹದ ಹೋಯಿತು ಅಂತ ಅರ್ಥ. ಮೇಲಿಂದ ನೋಡಿದರೆ ಪಿಕ್ ಚೆನ್ನಾಗಿಯೇ ಕಾಣುತ್ತದೆ. ಬೀಗದೊಳಗೆ ಹೋಗಿ ಒಂದು ಬಿಗಿ ಪಿನ್ ಎತ್ತುವಾಗ ಸುಮ್ನೆ ಬಾಗಿ ಕೂರುತ್ತದೆ. ಅದಕ್ಕೇ ಪಕ್ಕದಲ್ಲಿ ನೀರು ಇರಲಿ, ಬರಿಗೈಯಲ್ಲಿ ಹಿಡಿಯಿರಿ. ಬೆರಳಿಗೆ ಬಿಸಿ ತಟ್ಟಿದ ತಕ್ಷಣ ನೀರಿಗೆ ಅದ್ದಿ. ಕಣ್ಣಿಗೆ ಕನ್ನಡಕ ಇರಲೇಬೇಕು. ಎಷ್ಟೋ ಹ್ಯಾಕ್ಸಾ ಬ್ಲೇಡ್‌ಗಳು ಬಾಗುವ ಜಾತಿಯವಲ್ಲ, ಚಟ್ ಅಂತ ಮುರಿದು ಚೂರು ಹಾರುತ್ತದೆ.

ಆಕಾರ ಬಂದ ಮೇಲೆ ಎಮರಿ ಪೇಪರ್. ಇದನ್ನು ಜಾಸ್ತಿ ಜನ ಅಂದಕ್ಕೆ ಅಂದುಕೊಳ್ಳುತ್ತಾರೆ. ಅಲ್ಲ. ಅರದ ಗೀರುಗಳು ಹಾಗೇ ಉಳಿದರೆ ಪಿಕ್ ಹಿಂದೆ ಮುಂದೆ ಆಡುವಾಗ ಒಂದೊಂದು ಗೀರೂ ಪಿನ್ನಿನ ಅಂಚಿಗೆ ತಗುಲಿ ಕರಕರ ಅನ್ನುತ್ತದೆ. ಪಿನ್ ಕೂತ ಟಿಕ್ ಯಾವುದು, ನಿಮ್ಮದೇ ಗೀರಿನ ಕರಕರ ಯಾವುದು, ಬೆರಳಿಗೆ ತಿಳಿಯುವುದಿಲ್ಲ. ಇದೇ ನಾನು ಹೇಳಬೇಕಾಗಿರುವುದು. ಕೊಕ್ಕೆ ಎತ್ತರ ಜಾಸ್ತಿಯಾಗಿ ಒಳಗೆ ತಿರುಗದಿದ್ದಾಗ ನೀವೇ ಅದನ್ನು ಉಜ್ಜಿ ಇಳಿಸಿರುತ್ತೀರಿ. ಟೆನ್ಷನ್ ಸಂದಿನಲ್ಲಿ ಅಲ್ಲಾಡಿದಾಗ ಸ್ವಲ್ಪ ದಪ್ಪದ ಪಟ್ಟಿ ಹುಡುಕಿರುತ್ತೀರಿ. ಕೀ ಸಂದಿ ಎಷ್ಟು ಅಗಲ, ಒಳಗೆ ಎಲ್ಲಿ ಸೊಟ್ಟ, ಕೊನೇ ಪಿನ್ ಎಷ್ಟು ಆಳ ಅನ್ನುವುದನ್ನೆಲ್ಲ ಕೊಂಡ ಕಡ್ಡಿ ನಿಮಗೆ ಹೇಳಿಕೊಡುವುದಿಲ್ಲ, ಅರ ಹೇಳಿಕೊಡುತ್ತದೆ.

ಇನ್ನು ಕಳ್ಳರ ವಿಷಯ. ಈ ವಾದಕ್ಕೆ ತುಂಬಾ ವಯಸ್ಸಾಗಿದೆ. ಲಂಡನ್ನಿನ ಜೋಸೆಫ್ ಬ್ರಾಮಾ 1784ರಲ್ಲಿ ತನ್ನ ಬೀಗಕ್ಕೆ ಪೇಟೆಂಟ್ ಪಡೆದಿದ್ದ. ಇದನ್ನು ತೆಗೆಯುವ ಉಪಕರಣ ಮಾಡಿದವರಿಗೆ 200 ಗಿನಿ (ಆಗಿನ ಇಂಗ್ಲೆಂಡಿನ ಹಣ) ಬಹುಮಾನ ಅಂತ ಬೋರ್ಡ್ ಹಾಕಿ ಅವನ ಕಂಪನಿ ಒಂದು ಬೀಗವನ್ನು ಅಂಗಡಿಯ ಕಿಟಕಿಯಲ್ಲೇ ಇಟ್ಟಿತ್ತು. ದಶಕಗಳ ಕಾಲ ಯಾರ ಕೈಯಲ್ಲೂ ಆಗಲಿಲ್ಲ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನಕ್ಕೆ ಅಮೆರಿಕದಿಂದ ಬೀಗದ ಕಸುಬಿನ ಎ. ಸಿ. ಹಾಬ್ಸ್ ಬಂದರು. ಮೊದಲು ಚಬ್ ಕಂಪನಿಯ ಹೆಸರಾಂತ ಬೀಗವನ್ನು ಅರ್ಧ ಗಂಟೆಯೊಳಗೆ ತೆಗೆದರು. ಆಮೇಲೆ ಬ್ರಾಮಾ ಬೀಗದ ಮುಂದೆ ಕೂತರು. ಅದಕ್ಕೆಂದೇ ಸಾಮಾನು ಮಾಡಿಕೊಂಡು, 16 ದಿನಗಳಲ್ಲಿ ಒಟ್ಟು 51 ಗಂಟೆ ಕೆಲಸ ಮಾಡಿ ತೆಗೆದೇಬಿಟ್ಟರು. ನೋಡಿ, ಬೋರ್ಡ್ ಕೇಳಿದ್ದೇ ಉಪಕರಣವನ್ನು. ಅವರ ಗೆಲುವಿನ ಅರ್ಧ ಭಾಗ ಸಾಮಾನು ಮಾಡುವುದರಲ್ಲೇ ಇತ್ತು ಅಂತ ನನಗನ್ನಿಸುತ್ತದೆ.

ಇಂಥದ್ದನ್ನು ಬಹಿರಂಗ ಮಾಡಬಾರದು ಅಂತ ಆಗಲೂ ಗಲಾಟೆ ಆಯಿತು. ಈಗಲೂ ಅದೇ ಗಲಾಟೆ. ನಾನು ಕೇಳುವುದು ಇಷ್ಟೇ: ಮುಚ್ಚಿಟ್ಟರೆ ಯಾರಿಗೆ ಲಾಭ? ಕಳ್ಳ ಗಂಟೆಗಟ್ಟಲೆ ಕೂತು ಪಿನ್ನಿನ ಟಿಕ್ ಕೇಳುವುದಿಲ್ಲ. ಅವನಿಗೆ ಹಾರೆ ಸಾಕು, ಇಲ್ಲಾ ಕಿಟಕಿಯ ಗಾಜು. ಬೀಗ ಕಳಪೆ ಅನ್ನುವುದು ಗೊತ್ತಾಗದೆ ಉಳಿದರೆ ಅದನ್ನು ಮಾರುವವರಿಗೆ ಮಾತ್ರ ಅನುಕೂಲ.

ಹಾಗಂತ ಲಗಾಮಿಲ್ಲದ ಆಟ ಅಲ್ಲ ಇದು. ನಿಮ್ಮದಲ್ಲದ ಬೀಗವನ್ನು ಕೇಳದೆ ಮುಟ್ಟಬೇಡಿ. ನಿಮ್ಮದೇ ಆದರೂ ದಿನಾ ಬಳಸುವ ಬೀಗವನ್ನು ಮುಟ್ಟಬೇಡಿ. ಎರಡನೆಯದನ್ನು ಜನ ಹಗುರಾಗಿ ತಗೊಳ್ಳುತ್ತಾರೆ. ಮನೆಯಲ್ಲಿ ಮಾಡಿದ ಹ್ಯಾಕ್ಸಾ ಪಿಕ್ಕಿನ ತುದಿ ಬಾಗಿಲಿನ ಬೀಗದೊಳಗೆ ಮುರಿದರೆ ಸರಿಯಾದ ಕೀ ಕೂಡ ಒಳಗೆ ಹೋಗುವುದಿಲ್ಲ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಜಪಾನಿನಲ್ಲಿ 2003ರಲ್ಲಿ ಬಂದ ಕಾನೂನಿನ ಪ್ರಕಾರ ಸರಿಯಾದ ಕಾರಣವಿಲ್ಲದೆ ಇಂಥ ಸಾಮಾನು ಇಟ್ಟುಕೊಳ್ಳುವುದೇ ಅಪರಾಧ. ನಾನೇ ಮಾಡಿದ್ದು, ಕೊಂಡಿದ್ದಲ್ಲ ಅಂದರೆ ಯಾರೂ ಬಿಡುವುದಿಲ್ಲ. ಮೊದಲು ನಿಮ್ಮ ಕಡೆ ಕಾನೂನು ಏನಿದೆ ನೋಡಿಕೊಳ್ಳಿ.

ಕೈಯಲ್ಲಿ ಮಾಡಿದ್ದರಲ್ಲೇ ಎಲ್ಲ ಬೀಗ ತೆಗೆಯಬಹುದು ಅಂತಲೂ ನಾನು ಹೇಳುವುದಿಲ್ಲ. ನಡು ಸಣ್ಣಗಿರುವ ಸ್ಪೂಲ್ ಪಿನ್ ಇದ್ದ ಬೀಗಗಳಿವೆ. ಉರುಳೆ ಸ್ವಲ್ಪ ತಿರುಗಿ, ಗೆದ್ದೆವು ಅನ್ನಿಸಿ, ಅಲ್ಲೇ ನಿಂತುಬಿಡುತ್ತದೆ. ಅಲ್ಲಿ ಪಿನ್ ಎತ್ತುವಾಗ ಉರುಳೆ ವಾಪಸ್ ತಳ್ಳುತ್ತದೆ, ಒತ್ತಡ ಸ್ವಲ್ಪ ಸಡಿಲಿಸಿ ಅದಕ್ಕೆ ಜಾಗ ಬಿಟ್ಟುಕೊಡಬೇಕು. ಅಲ್ಲಿಯವರೆಗೂ ವೈಪರ್ ಪಟ್ಟಿ ಕೈ ಬಿಡುವುದಿಲ್ಲ. ಆದರೆ ಡಿಸ್ಕ್ ಬೀಗಗಳು ಬೇರೆ ಲೋಕ. ಫಿನ್ಲೆಂಡಿನ ಎಮಿಲ್ ಹೆನ್ರಿಕ್ಸನ್ 1907ರಲ್ಲಿ ಕಂಡುಹಿಡಿದ ಬಗೆ. ಅಲ್ಲಿ ಎತ್ತಲು ಪಿನ್ನೂ ಇಲ್ಲ, ತಳ್ಳುವ ಸ್ಪ್ರಿಂಗೂ ಇಲ್ಲ. ಬಿಲ್ಲೆಗಳನ್ನು ಒಂದೊಂದಾಗಿ ತಿರುಗಿಸಬೇಕು. ಅದಕ್ಕೆ ಬೇಕಾದ ಸಾಮಾನು ಮಾಡಲು ಲೇತ್ ಬೇಕು, ಲೇತ್ ಹಿಡಿಯುವ ಕೈಯೂ ಬೇಕು. ಅದನ್ನು ಮಾತ್ರ ದುಡ್ಡು ಕೊಟ್ಟೇ ತಗೊಳ್ಳಿ, ನಾನೇನೂ ಅಡ್ಡ ಬರುವುದಿಲ್ಲ.